ಕಾರಣ ಇಲ್ಲ ಎಂದವನು

ಕುರ್ಚಿ, ಮೇಜು, ಮೈಕು ಬಾಡಿಗೆಗೆ ಕೊಡುವ ಆ ಅಂಗಡಿಗೆ ಬೋರ್ಡೇನೋ ಇದೆ. ಆದರೆ ಬೋರ್ಡಿನ ಹೆಸರು ಹಿಡಿದು ಕೇಳಿದರೆ ಆ ಬೀದಿಯಲ್ಲಿ ಯಾರೂ ದಾರಿ ತೋರಿಸುವುದಿಲ್ಲ. "ಲೇಟು ಅಂಗಡಿ ಎಲ್ಲಿ?" ಎಂದರೆ ಮಾತ್ರ ಸಣ್ಣ ಮಕ್ಕಳೂ ಕೈ ಮಾಡಿ ತೋರಿಸುತ್ತವೆ. ಲೇಟು ಎಂದರೆ ಅಂಗಡಿಯ ಯಜಮಾನ. ಸಭೆ ಮಧ್ಯಾಹ್ನಕ್ಕಿದ್ದರೆ ಅವನ ಕುರ್ಚಿಗಳು ಬೆಳಿಗ್ಗೆಯೇ ಸಾಲು ಹಿಡಿದು ನಿಂತಿರುತ್ತವೆ. ಅಂಥವನಿಗೆ ಈ ಹೆಸರು ಯಾಕೆ ಎಂದು ಹೊಸ ಗಿರಾಕಿಗಳಿಗೆ ಸೋಜಿಗ. "ಲೇಟು ಅನ್ನೋದು ಸತ್ತೋರ ಹೆಸರಿನ ಮುಂದೆ ಹಾಕೋದಲ್ವೇನ್ರೀ?" ಎಂದು ಯಾರಾದರೂ ತಮಾಷೆ ಮಾಡಿದರೆ, "ಹೂಂ, ಹಂಗೂ ಅನ್ಕೋಬಹುದು" ಎಂದು ನಕ್ಕು ಮುಂಗಡ ಕೇಳುತ್ತಾನೆ.

ಆ ಹೆಸರು ಬಿದ್ದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಗ ಅಂಗಡಿ ಬೇರೆಯವರದು, ಅವನು ಕುರ್ಚಿ ಹೊರುವ ಕೆಲಸದವನು. ಅಕ್ಕ ಕಾನೂನು ಓದುತ್ತಿದ್ದಳು. ಅಪ್ಪ ಸಿಟಿ ಬಸ್ಸಿನ ಡ್ರೈವರು, ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಮನೆಯಲ್ಲಿ ಅಕ್ಕನದು ಮಾತು, ತಮ್ಮನದು ಕೈ. ಅಪ್ಪ ಬಂದವರೆದುರಿಗೆ ಹೇಳುತ್ತಿದ್ದುದು ಹೀಗೆ: "ಮಗಳಿಗೆ ತಲೆ ಕೊಟ್ಟ ದೇವ್ರು, ಇವನಿಗೆ ಹೆಗಲು ಕೊಟ್ಟ." ತಮ್ಮನಿಗೆ ಅದರಲ್ಲಿ ಬೇಸರವಿರಲಿಲ್ಲ. ಅಕ್ಕ ಮಾತಾಡುವುದನ್ನು ಕೇಳುವುದೆಂದರೆ ಅವನಿಗೂ ಇಷ್ಟವೇ.

ಒಂದು ದಿನ ಅಕ್ಕ ಕಾಲೇಜಿನಿಂದ ಓಡೋಡಿ ಬಂದಳು. ಪ್ರತಿ ವಾರ್ಡಿನಲ್ಲೂ ಯುವ ನಾಯಕತ್ವ ಪರಿಷತ್ತು ಮಾಡಬೇಕೆಂದು ಪಟ್ಟಣದ ಕಚೇರಿ ಪ್ರಕಟಿಸಿತ್ತು. ಹುಡುಗ ಹುಡುಗಿಯರೇ ಸೇರಿ ಅಧ್ಯಕ್ಷರನ್ನು ಆರಿಸಬೇಕು, ನಿಯಮ ಮಾಡಿಕೊಳ್ಳಬೇಕು, ವಾರ್ಡಿಗೆ ಬೇಕಾದ್ದನ್ನು ಕೇಳಿ ಪಡೆಯಬೇಕು.

"ನಮ್ ವಾರ್ಡಲ್ಲಿ ನಾವೇ ಶುರು ಮಾಡೋಣ್ವೇನೋ?"

"ಅದಕ್ಕೇನ್ ಬೇಕು?"

"ಜನ ಬೇಕು."

"ಅಷ್ಟೇ ತಾನೆ? ಅದೇನ್ ಮಹಾ!" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ವಾರ್ಡಿನ ಒಳ್ಳೆಯದಕ್ಕೂ ಕೆಟ್ಟದಕ್ಕೂ ಕುರ್ಚಿ ಹೊತ್ತವನು ಅವನು. ಯಾವ ಬಾಗಿಲು ತಟ್ಟಿದರೂ ಒಳಗೆ ಕರೆಯುತ್ತಿದ್ದರು. ಗ್ಯಾರೇಜಿನಲ್ಲಿ ಕಾರಿನಡಿ ಮಲಗಿದ್ದ, ಎಲ್ಲರೂ 'ಏಣಿ' ಎನ್ನುತ್ತಿದ್ದ ಉದ್ದನೆಯ ಹುಡುಗನನ್ನು ಕಾಲು ಹಿಡಿದು ಈಚೆಗೆಳೆದು ಒಪ್ಪಿಸಿದ. ಪಕ್ಕದ ಮನೆಯ ಬೇಕರಿ ಹುಡುಗಿ ಟ್ರೇ ಇಳಿಸುತ್ತಲೇ "ಬರ್ತೀನಿ, ಆದ್ರೆ ಭಾಷಣ ಗೀಷಣ ಮಾಡು ಅನ್ಬಾರ್ದು" ಎಂದಳು. ಹೊಲಿಗೆ ಕಾರ್ಖಾನೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು, ಕೊನೆಗೆ ಹಿಂಡಾಗಿ ಬಂದರು. ಅಕ್ಕ ಕಾಲೇಜಿನವರನ್ನು ಕರೆತಂದಳು. ಹಳೆಯ ಪಂಪ್‌ಹೌಸಿನ ಮಹಡಿಯ ಕೋಣೆ ಸಿಕ್ಕಿತು. ಕೆಳಗೆ ಪಂಪು ಶುರುವಾದರೆ ನೆಲವೆಲ್ಲ ಗುಂಯ್ಗುಡುತ್ತಿತ್ತು. ಆಗ ಮಾತಾಡುವವರು ಕಿರುಚಬೇಕು, ಇಲ್ಲವೇ ಸುಮ್ಮನೆ ಕೂರಬೇಕು. ಅಕ್ಕ ಕಿರುಚದೆಯೂ ಕೇಳಿಸುವಂತೆ ಮಾತಾಡುವುದನ್ನು ಕಲಿತಳು. ಅಧ್ಯಕ್ಷ ಸ್ಥಾನಕ್ಕೆ ಅವಳ ಹೆಸರು ಎತ್ತಿದವನು ತಮ್ಮನೇ. ಎದುರಿಗೆ ಯಾರೂ ನಿಲ್ಲಲಿಲ್ಲ.

ಅವಳಿಗೆ ಆ ಕೆಲಸ ಬರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಸರದಿ ಬಿಟ್ಟು ಯಾರೂ ಬಾಯಿ ಹಾಕುವಂತಿಲ್ಲ. ಅರ್ಧ ಜನ ಬರದೆ ಸಭೆ ನಡೆಯುವಂತಿಲ್ಲ. ನಲ್ಲಿ, ಬೀದಿ ದೀಪ, ಕಸ, ಒಂದೊಂದಕ್ಕೂ ಒಂದು ಸಮಿತಿ. ಹೊಲಿಗೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ದೀಪವಿಲ್ಲದೆ ಹುಡುಗಿಯರು ಜೀವ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಪರಿಷತ್ತು ಕಚೇರಿಯ ಬೆನ್ನು ಬಿಡದೆ ಅಲೆದು ಅಲ್ಲಿ ದೀಪ ಹಾಕಿಸಿತು. ದೀಪ ಹತ್ತಿದ ದಿನ ಏಣಿ ಕಂಬವನ್ನು ತಬ್ಬಿಕೊಂಡು ಕುಣಿದ.

ಹೊತ್ತಿಗೆ ಸರಿಯಾಗಿ ಬರಬೇಕೆಂಬ ನಿಯಮವೂ ಆಗಲೇ ಬಂದದ್ದು. ಸತತ ಮೂರು ಸಲ ತಡವಾದವರ ಸದಸ್ಯತ್ವ ಹೋಗುತ್ತದೆ. ಆದರೆ ಅದಕ್ಕೆ ಮುಂಚೆ ಕಾರಣ ಕೇಳಬೇಕು. ಸಭೆ ಒಪ್ಪಿದರೆ ಮಾಫಿ. "ಇದು ನನ್ ಮುಖ ನೋಡ್ಕೊಂಡೇ ಬರೆದಂಗಿದೆ" ಎಂದು ತಮ್ಮ ಎಲ್ಲರನ್ನೂ ನಗಿಸಿ, ತಾನೇ ಮೊದಲು ಕೈ ಎತ್ತಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಬಿದ್ದರು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಬಲಭಾಗ ಪೂರ್ತಿ ಸತ್ತುಹೋಗಿತ್ತು. ಆಸ್ಪತ್ರೆಯವರು ಕೈಲಾದದ್ದು ಮಾಡಿ, "ಇನ್ನು ಮನೇಲೇ ನೋಡ್ಕೊಳ್ಳಿ" ಎಂದು ಕಳಿಸಿದರು. ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಅಮ್ಮನದು ಮಧ್ಯಾಹ್ನದ ಪಾಳಿ, ಬಿಟ್ಟರೆ ಒಲೆ ಉರಿಯುವುದಿಲ್ಲ. ಅಕ್ಕನಿಗೆ ಕೊನೆಯ ವರ್ಷದ ಪರೀಕ್ಷೆ. ಉಳಿದದ್ದು ಹೆಗಲು.

ಮಗ್ಗುಲು ಬದಲಿಸುವುದು, ಬೆನ್ನು ಒರೆಸಿ ಪೌಡರು ಹಾಕುವುದು, ಗಂಜಿಯನ್ನು ಚಮಚದಲ್ಲಿ ಎಡಗಡೆಗೇ ಹಾಕುವುದು. ಬಲಗಡೆಗೆ ಹಾಕಿದರೆ ತುಟಿಯಿಂದ ಇಳಿದುಬಿಡುತ್ತಿತ್ತು. ಊರೆಲ್ಲ ಬಸ್ಸು ಓಡಿಸಿದ ಮನುಷ್ಯ ಬೆಡ್‌ಪ್ಯಾನಿನ ಮೇಲೆ ಕೂರಬೇಕಾಗಿ ಬಂದ ಸಿಟ್ಟನ್ನೆಲ್ಲ ಎದುರಿಗಿದ್ದವನ ಮೇಲೆ ಕಾರಿಕೊಳ್ಳುತ್ತಿದ್ದರು. ಅರ್ಧ ಬಾಯಲ್ಲಿ ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. "ಬೆಳಿಗ್ಗೆ ಕುರ್ಚಿ ಎತ್ತೋದು, ಸಾಯಂಕಾಲ ಅಪ್ಪನ್ನ ಎತ್ತೋದು. ಕುರ್ಚಿ ಬೈಯಲ್ಲ, ಅಷ್ಟೇ ವ್ಯತ್ಯಾಸ" ಎಂದು ಬೇಕರಿ ಹುಡುಗಿಗೆ ಹೇಳಿ ನಗುತ್ತಿದ್ದ. ಅವಳು ಮೆತ್ತನೆಯ ಬನ್ನುಗಳನ್ನು ಅಪ್ಪನಿಗೆಂದು ಕೊಡಲು ಬಂದಾಗಲೆಲ್ಲ ಅವನ ತೋಳು ಮೊಳಕೈವರೆಗೆ ಒದ್ದೆಯಾಗಿರುತ್ತಿತ್ತು.

ಪರಿಷತ್ತಿನ ಸಭೆ ಶನಿವಾರ ಸಂಜೆ ಐದಕ್ಕೆ. ಅಮ್ಮ ಮನೆ ಸೇರುವುದು ಆರು ದಾಟಿದ ಮೇಲೆ. ಅಧ್ಯಕ್ಷೆ ಎಲ್ಲರಿಗಿಂತ ಮುಂಚೆ ಹೋಗಬೇಕು. ಹಾಗಾಗಿ ಅವಳು ಸೀರೆ ಉಟ್ಟು ಹೊರಡುತ್ತಿದ್ದಳು, ತಮ್ಮ ಅಮ್ಮನ ದಾರಿ ಕಾಯುತ್ತಿದ್ದ. ಅಮ್ಮ ಹೊಸ್ತಿಲು ತುಳಿದದ್ದೇ ಓಡುತ್ತಿದ್ದ. ಪಂಪ್‌ಹೌಸಿನ ಕಬ್ಬಿಣದ ಮೆಟ್ಟಿಲ ಮೇಲೆ ಅವನ ಕಾಲಿನ ಸದ್ದು ಕೇಳಿದರೆ ಕಾಲೇಜಿನವರು ಮುಸಿಮುಸಿ ನಗುತ್ತಿದ್ದರು. "ಲೇಟು ಬಂತು."

ಮೊದಲ ಸಲ ತಡವಾದ ಮೇಲೆ ಮನೆಯಲ್ಲಿ ಅಪ್ಪನ ಹಾಸಿಗೆ ಬಟ್ಟೆ ಎಳೆಯುತ್ತ ಅವನು ಹೇಳಿದ, "ಅಕ್ಕಾ, ಸಭೇಲಿ ಅಪ್ಪನ ವಿಷಯ ಹೇಳ್ಬಿಡ್ತೀನಿ."

ಅಕ್ಕ ಬಟ್ಟೆಯ ಇನ್ನೊಂದು ತುದಿ ಹಿಡಿದವಳು ಬಿಟ್ಟಳು. "ಬೇಡ. ಪಟ್ಟಣದ ಪರಿಷತ್ತಿಗೆ ನನ್ ಹೆಸರು ಕಳಿಸ್ತಾರಂತೆ. ಮನೇಲಿ ಹಾಸಿಗೆ ಹಿಡಿದೋರಿದಾರೆ ಅಂದ್ರೆ, ಇವಳಿಗೆಲ್ಲಿ ಬಿಡುವಿರತ್ತೆ ಅಂತ ಬೇರೆಯವರನ್ನ ಹಾಕ್ತಾರೆ. ಅಪ್ಪ ಚೇತರಿಸ್ಕೊಳ್ತಿದಾರೆ ಅಂದಿದೀನಿ ನಾನು."

"ಚೇತರಿಸ್ಕೊಳ್ತಿದಾರಾ?"

"ಬಾಯಿ ಬಿಡಲ್ಲ ಅಂತ ಆಣೆ ಮಾಡು."

ಅವನು ಆಣೆ ಮಾಡಿದ. ಅಪ್ಪ ಮಲಗಿದ್ದಲ್ಲಿಂದಲೇ ಇಬ್ಬರನ್ನೂ ನೋಡುತ್ತಿದ್ದರು.

ಬಾಯಿ ಬಿಡದೆ ದಾರಿ ಹುಡುಕಬೇಕಲ್ಲ. ಮುಂದಿನ ಸಭೆಗೂ ತಡವಾಗಿಯೇ ಹೋಗಿ ಅವನೊಂದು ನಿರ್ಣಯ ತಂದ. ಸಭೆ ಏಳಕ್ಕೆ ಇಡೋಣ. ಗ್ಯಾರೇಜು, ಬೇಕರಿ, ಹೊಲಿಗೆ ಕಾರ್ಖಾನೆ ಎಲ್ಲ ಬಿಡುವುದು ಆರೂವರೆಗೆ. ದುಡಿಯುವವರು ಯಜಮಾನರ ಕೈಕಾಲು ಹಿಡಿದು ಬರಬೇಕಾಗಿದೆ. ಅವನಿಗೆ ಭಾಷಣ ಬರುತ್ತಿರಲಿಲ್ಲ. ಬಾಯಿಪಾಠ ಮಾಡಿದ್ದನ್ನು ನೆಲ ನೋಡುತ್ತ ಒಪ್ಪಿಸಿದ. ಆದರೆ ಹೊಲಿಗೆಯ ಹುಡುಗಿಯರು ಮೇಜು ಬಡಿದರು, ಏಣಿ ಶಿಳ್ಳೆ ಹೊಡೆದ. ಅಂದೇ ಮತಕ್ಕೆ ಹಾಕಿದ್ದರೆ ಗೆಲ್ಲುತ್ತಿತ್ತು. ಅಕ್ಕ ಮುಂದಿನ ಸಭೆಗೆ ಮುಂದೂಡಿದಳು.

ಆ ವಾರ ಪಟ್ಟಣದ ಕಚೇರಿಯ ಯುವಜನ ಅಧಿಕಾರಿ ಅವಳನ್ನು ಕರೆಸಿಕೊಂಡ. ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ, ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸದೆ ಮಾತಾಡಲು ಬರುತ್ತಿರಲಿಲ್ಲ. ಸಭೆಗಳಿಗೆ ಅವನೂ ಬರಬೇಕಿತ್ತು, ಸಂಜೆ ಏಳಕ್ಕೆ ಮನೆಯಲ್ಲೂ ಇರಬೇಕಿತ್ತು. "ತಮ್ಮ ಕುರ್ಚಿ ಅಂಗಡಿಯವನಲ್ವೇನಮ್ಮಾ? ಅಕ್ಕನ ಕುರ್ಚೀನೇ ಎತ್ಕೊಂಡು ಹೋಗೋ ಹಂಗಿದಾನೆ" ಎಂದು ನಕ್ಕ. ಆಮೇಲೆ ಗಂಭೀರವಾದ. "ಶನಿವಾರ ಮೇಲಿನ ಕಚೇರಿಯವರು ಬರ್ತಿದಾರೆ. ಶಿಸ್ತು ನೋಡಕ್ಕೆ. ನಮ್ಮವರು ತಮ್ಮವರು ಅಂತ ನೋಡಿದ್ರೆ ನಾಯಕತ್ವ ಅಲ್ಲ ಅದು."

ಅಕ್ಕ ಆ ಮಾತನ್ನು ಮನೆಗೆ ತರಲಿಲ್ಲ. ಆದರೆ ಆ ವಾರವೆಲ್ಲ ತಮ್ಮನ ಜೊತೆ ತುಂಬ ಮೆತ್ತಗೆ ಮಾತಾಡಿದಳು.

ಶನಿವಾರ ಅವಳು ಹೊರಡಲು ಬಾಗಿಲಿಗೆ ಬಂದಾಗ ಅಪ್ಪ ಹಾಸಿಗೆಯಲ್ಲೇ ಹೊಲಸು ಮಾಡಿಕೊಂಡರು. ವಾಸನೆ ಕೋಣೆ ತುಂಬಿತು. ಅಕ್ಕ ಸೆರಗನ್ನು ಮೂಗಿಗೆ ಹಿಡಿದು ನಿಂತಳು.

"ನೀನ್ ಹೊರಡಕ್ಕಾ. ನಾನ್ ನೋಡ್ಕೋತೀನಿ" ಎಂದ ತಮ್ಮ.

"ಬೇಗ ಬಾ" ಎಂದು ಅವಳು ಮೆಟ್ಟಿಲಿಳಿದಳು.

ಅವನು ಅಪ್ಪನನ್ನು ತೊಳೆದು, ಹಾಸಿಗೆ ತೊಳೆದು, ಅಮ್ಮ ಬಂದ ಮೇಲೆ ತಾನೂ ಕೈಕಾಲು ತೊಳೆದು ಓಡಿದ. ಮಹಡಿ ಹತ್ತಿದಾಗ ಪಂಪು ನಿಂತಿತ್ತು. ಕೋಣೆಯಲ್ಲಿ ಎಷ್ಟು ಮೌನವೆಂದರೆ ಅವನ ಏದುಸಿರು ಅವನಿಗೇ ನಾಚಿಕೆ ಹುಟ್ಟಿಸಿತು. ಗೋಡೆಯ ಪಕ್ಕ ಅಧಿಕಾರಿಯ ಜೊತೆ ಮೇಲಿನ ಕಚೇರಿಯವರು ಕುಳಿತಿದ್ದರು. ಕೂರಲು ಹೋದ ಅವನನ್ನು ಅಕ್ಕ ತಡೆದಳು.

"ಸದಸ್ಯರು ನಿಂತೇ ಇರಬೇಕು. ಇದು ಮೂರನೇ ಸಲ. ತಡವಾದ ಕಾರಣ ಸಭೆಗೆ ತಿಳಿಸಬೇಕು."

ಅವನು ಅಕ್ಕನ ಮುಖ ನೋಡಿದ. ಆಣೆಯನ್ನು ಅವಳೇ ಬಿಡಿಸುತ್ತಾಳೆಂದು ಕಾದ. ಅವಳು ನೇರವಾಗಿ ನೋಡುತ್ತಿದ್ದಳು. ಕಣ್ಣು ತಪ್ಪಿಸಲೂ ಇಲ್ಲ.

"ಕಾರಣ ಇಲ್ಲ" ಎಂದ.

"ಸ್ವಲ್ಪ ಜೋರಾಗಿ. ಎಲ್ಲರಿಗೂ ಕೇಳಿಸಬೇಕು."

"ಕಾರಣ ಇಲ್ಲ ಅಂದೆ."

ಬೇಕರಿ ಹುಡುಗಿ ಎದ್ದುಬಿಟ್ಟಳು. "ಅಕ್ಕಾ, ನಿಮಗೆ ಗೊತ್ತಲ್ಲ! ಅವನು ಮನೇಲಿ..."

"ಸರದಿ ಬಂದಾಗ ಮಾತಾಡಿ. ಕೂತ್ಕೊಳ್ಳಿ."

"ಸರದಿ ಯಾವಾಗ ಬರತ್ತೆ?"

"ಮತ ಆದ ಮೇಲೆ."

ಕಾಲೇಜಿನವರು ಕೈ ಎತ್ತಿದರು. ಹೊಲಿಗೆಯ ಹುಡುಗಿಯರಲ್ಲಿ ಅರ್ಧ ಜನ ಅಂದು ಬಂದೇ ಇರಲಿಲ್ಲ, ಬಿಡುವು ಸಿಕ್ಕಿರಲಿಲ್ಲ. ಬಂದವರು ಗೋಡೆ ಪಕ್ಕದ ಅಧಿಕಾರಿಗಳನ್ನು ನೋಡಿ ಅಳುಕುತ್ತ ಕೈ ಎತ್ತಿದರು. ಏಣಿಯೂ ಎತ್ತಿದ. ಮಾರನೆಯ ದಿನ ಗ್ಯಾರೇಜಿನಲ್ಲಿ, "ಎಲ್ರೂ ಎತ್ತಿದ್ರಲ್ಲೋ, ನಾನೂ ಎತ್ಬಿಟ್ಟೆ. ಯಾಕೆ ಅಂತ ಗೊತ್ತಿಲ್ಲ" ಎಂದು ತಲೆ ಚಚ್ಚಿಕೊಂಡ. ಸಭೆಯಲ್ಲಿ ಮಾತ್ರ ಅವನ ಉದ್ದನೆಯ ಕೈಯೇ ಎಲ್ಲರಿಗಿಂತ ಮೇಲಿತ್ತು. ಕೊನೆಯಲ್ಲಿ ಅಧ್ಯಕ್ಷೆ ತನ್ನ ಕೈಯನ್ನೂ ಎತ್ತಿದಳು. ಅವಳ ಮತ ಬೇಕೇ ಇರಲಿಲ್ಲ.

ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ಈ ಹುಡುಗಿ ಮನೆಯವನನ್ನೇ ಸೋಲಿಸಿ ಮಾರು ಗೆದ್ದಳು!" ಎಂದ. ಎಲ್ಲರೂ ನಕ್ಕರು. ತಮ್ಮನೂ, ಏನು ಮಾಡುವುದೆಂದು ತೋಚದೆ, ನಗುವ ಮುಖ ಮಾಡಿದ. ಅವನು ಮೆಟ್ಟಿಲಿಳಿಯುತ್ತಿದ್ದಾಗ ಮುಂದಿನ ವಿಷಯ ಕೇಳಿಸಿತು. ಮಂಡಿಸಿದವರು ಈಗ ಸದಸ್ಯರಲ್ಲದ್ದರಿಂದ ಸಭೆಯ ಹೊತ್ತು ಬದಲಿಸುವ ನಿರ್ಣಯ ಬಿದ್ದುಹೋಗಿದೆ. ಬೇಕರಿ ಹುಡುಗಿ ತನ್ನ ಸರದಿ ಕಾಯದೆ ಅವನ ಹಿಂದೆಯೇ ಇಳಿದು ಬಂದಳು.

ಅಕ್ಕ ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕುಳಿತಳು. ತಮ್ಮ ಮಾಡಿಟ್ಟ ಅಡುಗೆ. ಎರಡು ತುತ್ತಾದ ಮೇಲೆ, "ತಪ್ಪು ತಿಳ್ಕೋಬೇಡ. ನಿಯಮ ಅಂದ್ಮೇಲೆ ನಿಯಮ. ನಿನ್ನ ಬಿಟ್ಟಿದ್ರೆ ನಾಳೆ ಯಾರ್ ನನ್ ಮಾತು ಕೇಳ್ತಾರೆ?" ಎಂದಳು.

"ಕೈ ಯಾಕೆ ಎತ್ತಿದೆ? ಸಾಕಷ್ಟು ಕೈ ಇತ್ತಲ್ಲ."

ಅಕ್ಕ ಸ್ವಲ್ಪ ಯೋಚಿಸಿದಳು. "ಅವರು ನನ್ನನ್ನೇ ನೋಡ್ತಿದ್ರು" ಎಂದಳು. ಅದು ನಿಜವಾದ ಉತ್ತರ. ಅವಳು ಅವನಿಗೆ ಕೊಟ್ಟ ನಿಜವಾದ ಉತ್ತರ ಅದೊಂದೇ.

ಹದಿನೈದು ದಿನದಲ್ಲಿ ಅಧಿಕಾರಿ ಅಕ್ಕನಿಗೆ ಬಂದ ಪ್ರಶಸ್ತಿಯ ಫಲಕ ಹಿಡಿದು ಮನೆಗೇ ಬಂದ, ಇಂಥ ಮಗಳನ್ನು ಹೆತ್ತವರನ್ನು ನೋಡಬೇಕೆಂದು. ಮುಂಚೆಯೇ ಸುದ್ದಿ ಬಂದಿತ್ತು. ಅಕ್ಕ ಹೇಳಿದ್ದಕ್ಕೆ ತಮ್ಮ ಅಪ್ಪನಿಗೆ ಗಡ್ಡ ಹೆರೆದು, ತೊಳೆದ ಅಂಗಿ ತೊಡಿಸಿ, ಬೆನ್ನಿಗೆ ದಿಂಬುಗಳನ್ನು ಒತ್ತರಿಸಿ ಚೇತರಿಸಿಕೊಳ್ಳುತ್ತಿರುವವರ ಹಾಗೆ ಕೂರಿಸಿದ. ಬೀಳದಂತೆ ಹಿಂದಿನಿಂದ ಹಿಡಿದುಕೊಂಡೂ ಇದ್ದ. ಅಧಿಕಾರಿ ಶಿಸ್ತಿನ ಕಥೆಯನ್ನೆಲ್ಲ ಬಣ್ಣಿಸಿ ಫಲಕವನ್ನು ಅಪ್ಪನ ತೊಡೆಯ ಮೇಲಿಟ್ಟ. ಅಪ್ಪ ಅದರ ಹೊಳಪಿನ ಮೇಲೆ ಎಡಗೈ ಆಡಿಸಿದರು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಕತ್ತನ್ನು ಕಷ್ಟಪಟ್ಟು ಹಿಂದಕ್ಕೆ ಹೊರಳಿಸಿ, ತನ್ನನ್ನು ಹಿಡಿದು ನಿಂತಿದ್ದ ಮಗನಿಗೆ ಅರ್ಧ ಬಾಯಲ್ಲಿ ಹೇಳಿದರು.

"ಕಲಿ."

ಆಣೆ ಹಾಕಿಸಿಕೊಂಡದ್ದನ್ನು ಅವರೂ ಕಂಡಿದ್ದರು, ಆ ಶನಿವಾರ ಅವನು ಯಾಕೆ ತಡವಾದನೆಂದು ಅವರ ಮೈಗೇ ಗೊತ್ತಿತ್ತು. ಆದರೂ ಹಾಗೆಂದರು. ಅವನು ದಿಂಬು ಸರಿಮಾಡಿದ.

ಪರಿಷತ್ತಿಗೆ ದುಡಿಯುವವರು ಬರುವುದು ಒಬ್ಬೊಬ್ಬರಾಗಿ ನಿಂತಿತು. ಓಣಿಯ ದೀಪ ಕೆಟ್ಟಾಗ ಕೇಳುವವರಿರಲಿಲ್ಲ. ಸಭೆಗಳು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆದವು. ಅಕ್ಕ ಪಟ್ಟಣದ ಪರಿಷತ್ತಿಗೆ ಹೋದಳು. ವಕೀಲಿಕೆ ಬಿಟ್ಟು ಯುವಜನ ಇಲಾಖೆಯಲ್ಲೇ ತರಬೇತಿ ಕೊಡುವ ಕೆಲಸ ಹಿಡಿದಳು. ಪರಿಷತ್ತನ್ನು ಕಟ್ಟುವುದು ಹೇಗೆ, ನಡೆಸುವುದು ಹೇಗೆ ಎಂದು ಊರೂರಿಗೆ ಹೋಗಿ ಕಲಿಸತೊಡಗಿದಳು. ತಮ್ಮನನ್ನು ಹೊರಹಾಕಿದ ಕಥೆಯನ್ನು ಎಲ್ಲಿಯೂ ತಪ್ಪಿಸುತ್ತಿರಲಿಲ್ಲ.

ಅಪ್ಪ ಬಹಳ ವರ್ಷ ಬದುಕಿದರು. ಬೆನ್ನಲ್ಲಿ ಒಂದು ಹುಣ್ಣೂ ಆಗಲು ಬಿಡಲಿಲ್ಲ ಮಗ. ಅವರು ತೀರಿಕೊಂಡಾಗ ಅಕ್ಕ ಇಲಾಖೆಯ ಕಾರಿನಲ್ಲಿ ಬಂದು ಅಪ್ಪನ ಎದೆಯ ಮೇಲೆ ಬಿದ್ದು ಅತ್ತಳು. ಸುಳ್ಳು ಅಳು ಅಲ್ಲ. ಅದೇ ಸಂಜೆ ಹೊರಟೂ ಹೋದಳು. ವರ್ಷದೊಳಗೆ ಅಮ್ಮನೂ ಹೋದಳು. ಬೇಕರಿ ಹುಡುಗಿ ಅಷ್ಟು ಹೊತ್ತಿಗೆ ಅವನ ಹೆಂಡತಿಯಾಗಿದ್ದಳು. ಅಂಗಡಿಯ ಹಳೆ ಯಜಮಾನ ಅವನಿಗೇ ಅಂಗಡಿ ವಹಿಸಿಕೊಟ್ಟ. ಒಬ್ಬಳು ಮಗಳು ಹುಟ್ಟಿದಳು. ಮಾತಿನಮಲ್ಲಿ.

ಒಮ್ಮೆ ದೊಡ್ಡ ಸಭಾಂಗಣದಲ್ಲಿ ಇಲಾಖೆಯ ತರಬೇತಿ. ಕುರ್ಚಿ, ಮೈಕು ಅವನದೇ. ವೇದಿಕೆಗೆ ಬಂದವಳು ಅಕ್ಕ. ಆಂಪ್ಲಿಫೈಯರಿನ ಪಕ್ಕ ನಿಂತಿದ್ದ ತಮ್ಮನನ್ನು ಕಂಡು ಒಂದು ಗಳಿಗೆ ತಡೆದಳು. ಆಮೇಲೆ ಕಥೆ ಶುರು ಮಾಡಿದಳು. ಚಪ್ಪಾಳೆಯಾಯಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ನಿಮ್ ತಮ್ಮ ಯಾಕೆ ಲೇಟಾಗಿ ಬರ್ತಿದ್ರು?"

ಅಕ್ಕ ಅವನ ಕಡೆ ನೋಡಲಿಲ್ಲ. "ಕೆಲವರಿಗೆ ಹೊತ್ತಿನ ಬೆಲೆ ಗೊತ್ತಿರಲ್ಲಮ್ಮಾ" ಎಂದಳು. ಮೈಕು ಕೊಂಚ ಕಿರುಗುಟ್ಟಿತು. ಅವನು ಗುಂಡಿ ತಿರುಗಿಸಿ ಸರಿಮಾಡಿದ.

ಎಲ್ಲ ಮುಗಿದ ಮೇಲೆ ಅವನು ವೈರು ಸುತ್ತುತ್ತಿದ್ದಲ್ಲಿಗೆ ಅವಳೇ ಬಂದಳು. "ಬೇಜಾರ್ ಮಾಡ್ಕೊಂಡ್ಯಾ? ಕಥೆ ಕಣೋ ಅದು. ಮಕ್ಕಳ ಮನಸಿಗೆ ಹತ್ತಬೇಕು."

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಚುಚ್ಚಿ ಮಾತಾಡಿದ. "ಹಾಗಾದ್ರೆ ಅಪ್ಪನ್ನೂ ಸೇರಿಸ್ಕೋ ಅಕ್ಕಾ. ಇನ್ನೂ ಜೋರಾಗಿ ಚಪ್ಪಾಳೆ ಬೀಳತ್ತೆ."

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟಳು. ನಾಟಿತು ಎಂದುಕೊಂಡ ಅವನು. ಆ ರಾತ್ರಿ ಹೆಂಡತಿಯ ಮುಂದೆ ಹೇಳಿಕೊಂಡು ಸ್ವಲ್ಪ ಹಗುರವೂ ಆದ.

ಅವಳು ಸೇರಿಸಿಕೊಂಡಳು. ಅದು ಅವನಿಗೆ ತಿಳಿದದ್ದು ಮಗಳಿಂದ. ಹದಿನಾರು ತುಂಬಿದ ಮಗಳು ಈಗಿನ ಪರಿಷತ್ತಿಗೆ ಸೇರಿದ್ದಳು. ಮೊದಲ ತರಬೇತಿ ಮುಗಿಸಿ ಮುಖ ಕೆಂಪು ಮಾಡಿಕೊಂಡು ಬಂದಳು.

"ಅಪ್ಪಾ, ಅತ್ತೆ ಎಂಥ ಮಾತಾಡಿದ್ರು ಗೊತ್ತಾ? ತಾತಂಗೆ ಲಕ್ವಾ ಹೊಡೆದಿತ್ತಂತೆ. ದಿನಾ ಅವರ ಮೈ ತೊಳೆದು, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಅಷ್ಟೆಲ್ಲ ಮಾಡಿನೂ ಅತ್ತೆ ಒಂದ್ ಮೀಟಿಂಗಿಗೂ ಲೇಟಾಗ್ಲಿಲ್ವಂತೆ. ಎಲ್ಲ ಎದ್ ನಿಂತು ಚಪ್ಪಾಳೆ ಹೊಡೆದ್ರು, ನಾನೂ ಅತ್ಬಿಟ್ಟೆ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನೀನ್ಯಾಕಪ್ಪಾ ತಾತನ್ನ ನೋಡ್ಕೋತಿರ್ಲಿಲ್ಲ?"

ಹೆಂಡತಿ ಹಿಟ್ಟು ನಾದುತ್ತಿದ್ದ ಕೈಯಲ್ಲೇ ಎದ್ದು ಬಂದಳು. ಅಂದು ಸಿಗದ ಸರದಿಯನ್ನೆಲ್ಲ ಒಟ್ಟಿಗೆ ತೀರಿಸಿಕೊಂಡಳು: ಆಣೆ, ಹಾಸಿಗೆ, ಒದ್ದೆ ತೋಳು, ಒಂದನ್ನೂ ಬಿಡಲಿಲ್ಲ. ಅವನು ತಡೆಯಲಿಲ್ಲ.

ಮಗಳು ಕೊನೆವರೆಗೂ ಕೇಳಿದಳು. "ಹಾಗಾದ್ರೆ ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು. "ಕಾರಣ ಕೇಳಿದ್ರಂತಲ್ಲ. ಇಲ್ಲ ಅಂದ್ಯಂತೆ."

"ಹೂಂ, ಅಂದೆ."

"ಮತ್ತೆ?" ಮಗಳು ಅಪ್ಪನ ಮುಖವನ್ನೂ ಅಮ್ಮನ ಮುಖವನ್ನೂ ನೋಡಿದಳು. "ಅಷ್ಟ್ ಜನರ ಮುಂದೆ ಅತ್ತೆ ಸುಳ್ ಹೇಳ್ತಾರಾ? ಅವರ ಕಣ್ಣಲ್ಲಿ ನೀರ್ ಬಂತು, ನಾನೇ ನೋಡ್ದೆ."

ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋದಳು. ಕಣ್ಣೀರೂ ನಿಜವೇ ಇದ್ದಿರಬೇಕು.

ಮುಂದಿನ ಶನಿವಾರ ಅವನ ಕುರ್ಚಿ ಗಾಡಿ ಪರಿಷತ್ತಿನ ಕಟ್ಟಡದ ಕಡೆಯೇ ಹೋಗಬೇಕಿತ್ತು. ಮಗಳು ಮುಂದಿನ ಸೀಟಿನಲ್ಲಿ ಕುಳಿತು ಅಂದು ತಾನು ಮಾಡಬೇಕಿದ್ದ ಭಾಷಣವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಕಟ್ಟಡಕ್ಕೆ ಇನ್ನೂ ಒಂದು ತಿರುವು ಇರುವಾಗ, "ಇಲ್ಲೇ ನಿಲ್ಸಪ್ಪಾ" ಎಂದಳು.

"ಬಾಗಿಲ ಹತ್ರಾನೇ ಬಿಡ್ತೀನಿ ಇರು."

"ಬೇಡ. ಅತ್ತೆ ಕಥೇಲಿ ಬರೋ ತಮ್ಮ ನೀನೇ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ."

ಅವನು ಗಾಡಿ ನಿಲ್ಲಿಸಿದ. ಅವಳು ಇಳಿದು ಬಟ್ಟೆಯ ಧೂಳು ಕೊಡವಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಳು. ಹಿಂದಿದ್ದ ಬಸ್ಸಿನವನು ಹಾರನ್ ಬಾರಿಸುವವರೆಗೂ ಅವನು ಅಲ್ಲೇ ಇದ್ದ. ಆಮೇಲೆ ಗೇರು ಹಾಕಿ, ಯಾರದೋ ನಿವೃತ್ತಿ ಸಮಾರಂಭಕ್ಕೆ ಕುರ್ಚಿ ಇಳಿಸಲು ಹೊರಟ.